ಡೀಸೆಲ್ ಟಿಪ್ಪರಿಗೆ ಇನ್ನೊಂದು ಫಿಲ್ಟರ್: ಎಲ್ಲಿ ಕೂರಿಸಬೇಕು, ಯಾವುದನ್ನು ಕೂರಿಸಬೇಕು?

ಪ್ರಶ್ನೆ: ನನ್ನ ಬಿಎಸ್-4 ಟಿಪ್ಪರ್ ಕುಷ್ಟಗಿ ಬಳಿಯ ಕಲ್ಲಿನ ಕ್ರಷರಿನಲ್ಲಿ ಓಡುತ್ತದೆ. ಅಲ್ಲಿ ಡೀಸೆಲ್ಲನ್ನು ಬ್ಯಾರೆಲ್‌ಗಳಲ್ಲಿ ತರಿಸಿಟ್ಟು ಕೈಪಂಪಿನಿಂದ ತುಂಬುತ್ತಾರೆ. ಸರ್ವಿಸಿನ ಅವಧಿ ಅರ್ಧ ಕಳೆಯುವುದರೊಳಗೆ ಡೀಸೆಲ್ ಫಿಲ್ಟರ್ ಕಟ್ಟಿಕೊಂಡು, ಲೋಡಿನಲ್ಲಿ ಏರು ಹತ್ತುವಾಗ ಪಿಕಪ್ ಬಿದ್ದುಹೋಗುತ್ತದೆ. ಬಿಚ್ಚಿದ ಫಿಲ್ಟರಿನಲ್ಲಿ ನೀರೂ ಕಾಣುತ್ತದೆ. ಟ್ಯಾಂಕಿನ ಪಕ್ಕದಲ್ಲೇ 2 ಮೈಕ್ರಾನಿನ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇನ್ನೊಂದು ಫಿಲ್ಟರ್ ಕೂರಿಸಿದರೆ ಚಿಂತೆಯಿಲ್ಲ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಿದರೆ ಪಂಪ್ ಗಾಳಿ ಎಳೆಯುತ್ತದೆ ಎಂದು ಇನ್ನೊಬ್ಬರು ಬೇಡವೆನ್ನುತ್ತಾರೆ. ಯಾರ ಮಾತು ಕೇಳಲಿ?
– ಒಬ್ಬ ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಫಿಲ್ಟರ್ ಬೇಕೆಂದವರ ಮಾತೂ ಸರಿ, ಗಾಳಿಯ ಬಗ್ಗೆ ಎಚ್ಚರಿಸಿದವರ ಮಾತೂ ಸರಿ. ತಪ್ಪಿರುವುದು ಆ 2 ಮೈಕ್ರಾನ್ ಎಂಬ ಲೆಕ್ಕದಲ್ಲಿ.

ನಿಮ್ಮ ಗಾಡಿಯಲ್ಲಿರುವುದು ಕಾಮನ್ ರೈಲ್ ಇಂಜಿನ್, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಹೈ ಪ್ರೆಶರ್ ಕೊಳವೆಯಿಂದ ಡೀಸೆಲ್ ಹೋಗುವ ಇಂಜಿನ್, ಎಂದು ಭಾವಿಸಿ ಉತ್ತರಿಸುತ್ತಿದ್ದೇನೆ. ಹಳೆಯ ಇನ್‌ಲೈನ್ ಪಂಪಿನ ಇಂಜಿನ್‌ಗಳಲ್ಲಿ ನಾಝಲ್ ತೆರೆದುಕೊಳ್ಳುತ್ತಿದ್ದುದು ಸುಮಾರು 200 ಬಾರ್ ಒತ್ತಡಕ್ಕೆ. ಕಾಮನ್ ರೈಲಿನಲ್ಲಿ ಡೀಸೆಲ್ಲಿನ ಗರಿಷ್ಠ ಒತ್ತಡ 1600 ಬಾರ್ ಅಥವಾ ಅದಕ್ಕೂ ಹೆಚ್ಚು. ಇಂಜೆಕ್ಟರಿನ ಒಳಗೆ ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪವಿರುವಾಗ, ಕ್ರಷರಿನ ಧೂಳು ಅಲ್ಲಿ ಏನು ಮಾಡೀತೆಂದು ಊಹಿಸಿಕೊಳ್ಳಬಹುದು. ಆದ್ದರಿಂದ ನುಣ್ಣನೆಯ ಫಿಲ್ಟರ್ ಬೇಕೇ ಬೇಕು, ಆದರೆ ಅದರ ಜಾಗ ಟ್ಯಾಂಕಿನಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪಿನ ನಂತರ. ಕಂಪನಿ ಕೊಟ್ಟಿರುವ ಮುಖ್ಯ ಫಿಲ್ಟರ್ ಆ ಕೆಲಸವನ್ನು ಈಗಾಗಲೇ ಮಾಡುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ತಳ್ಳುವವರು ಯಾರೂ ಇಲ್ಲ, ಪಂಪೇ ಎಳೆದುಕೊಳ್ಳಬೇಕು. ಅಲ್ಲಿ 2 ಮೈಕ್ರಾನಿನ ಫಿಲ್ಟರ್ ಕೂರಿಸಿದರೆ ಎಳೆತ ಬಿಗಿಯಾಗಿ, ಎಲ್ಲಿ ಸಡಿಲ ಕ್ಲಿಪ್ ಇದೆಯೋ ಅಲ್ಲಿಂದ ಗಾಳಿ ಒಳಗೆ ಬರುತ್ತದೆ, ಪಂಪಿಗೆ ಡೀಸೆಲ್ ಸಾಲದೆ ಹೋಗುತ್ತದೆ. ಈ ಜಾಗಕ್ಕೆ 10ರಿಂದ 30 ಮೈಕ್ರಾನಿನ ಪ್ರೀ-ಫಿಲ್ಟರ್, ಅದರಲ್ಲೂ ಕೆಳಗೆ ಪಾರದರ್ಶಕ ಬಟ್ಟಲೂ ನೀರು ಬಿಡುವ ತಿರುಪೂ ಇರುವ ವಾಟರ್ ಸೆಪರೇಟರ್ ಸರಿಯಾದದ್ದು.

ನೀರನ್ನು ಪಂಪಿಗಿಂತ ಮುಂಚೆಯೇ ಹಿಡಿಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಡೀಸೆಲ್‌ಗಿಂತ ಭಾರವಾದ ನೀರು ದೊಡ್ಡ ಹನಿಗಳಾಗಿದ್ದಾಗ ಬಟ್ಟಲಿನ ತಳಕ್ಕೆ ತಾನಾಗಿಯೇ ಇಳಿಯುತ್ತದೆ; ಒಮ್ಮೆ ಪಂಪಿನೊಳಗೆ ಹೋಗಿ ಕಡೆಯಲ್ಪಟ್ಟರೆ ಅತಿ ಸಣ್ಣ ಹನಿಗಳಾಗಿ ಡೀಸೆಲ್ಲಿನಲ್ಲೇ ತೇಲುತ್ತದೆ, ಆಮೇಲೆ ಅದನ್ನು ಬೇರ್ಪಡಿಸುವುದು ಕಷ್ಟ.

ಹೊಸದನ್ನು ಕೊಳ್ಳುವ ಮೊದಲು ದಯವಿಟ್ಟು ಚಾಸಿಯ ಪಕ್ಕ ಬಗ್ಗಿ ನೋಡಿ. ಈ ತಲೆಮಾರಿನ ಬಹಳಷ್ಟು ಗಾಡಿಗಳಿಗೆ ಕಂಪನಿಯೇ ಪ್ರೀ-ಫಿಲ್ಟರ್ ಕೊಟ್ಟಿರುತ್ತದೆ. ಕಲ್ಲು ಹೊಡೆದು ಬಟ್ಟಲು ಒಡೆದಾಗ ಯಾರೋ ಅದನ್ನು ಕಿತ್ತು, ಪೈಪನ್ನು ನೇರವಾಗಿ ಜೋಡಿಸಿಬಿಟ್ಟಿರುವುದೂ ಉಂಟು. ನಿಮ್ಮಲ್ಲಿ ಹಾಗಾಗಿದ್ದರೆ ನೀವು ಹೆಚ್ಚುವರಿ ಫಿಲ್ಟರ್ ಹಾಕಬೇಕಿಲ್ಲ, ಇದ್ದದ್ದನ್ನು ಅದರ ಜಾಗಕ್ಕೆ ತಂದರೆ ಸಾಕು.

ಹೊಸದೇ ಬೇಕಾದರೆ, ಫಿಲ್ಟರಿನ ಮೇಲೆ ನಮೂದಿಸಿರುವ ಗಂಟೆಗೆ ಇಷ್ಟು ಲೀಟರ್ ಎಂಬ ಹರಿವನ್ನು ಗಮನಿಸಿ. ಅದನ್ನು ನಿಮ್ಮ ಗಾಡಿಯ ಮೈಲೇಜಿಗೆ ಹೋಲಿಸಬಾರದು. ಕಾಮನ್ ರೈಲ್ ಪಂಪ್ ಇಂಜಿನ್ ಸುಡುವುದಕ್ಕಿಂತ ಬಹಳ ಹೆಚ್ಚು ಡೀಸೆಲ್ ಎಳೆದು, ಉಳಿದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳುಹಿಸುತ್ತದೆ. ಫಿಲ್ಟರ್ ಆ ಇಡೀ ಹರಿವನ್ನು ತಾಳಬೇಕು. ಇಂಜಿನ್ ಮಾದರಿಯ ಹೆಸರು ಹೇಳಿ, ಅದಕ್ಕೆ ಹೊಂದುವುದನ್ನೇ ಕೇಳಿ ಪಡೆಯಿರಿ.

ಕೂರಿಸುವ ಜಾಗ ಚಾಸಿಯ ಒಳಬದಿಯಲ್ಲಿರಲಿ, ಸೈಲೆನ್ಸರಿನಿಂದಲೂ ಟರ್ಬೊದಿಂದಲೂ ದೂರವಿರಲಿ, ಚಕ್ರ ಎರಚುವ ಕಲ್ಲಿಗೆ ಸಿಕ್ಕದಿರಲಿ, ಆದರೆ ಕೆಳಗೆ ಡಬ್ಬಿ ಹಿಡಿದು ನೀರು ಬಿಡಲು ಕೈ ಹೋಗುವಂತಿರಲಿ. ಚಾಸಿಗೆ ವೆಲ್ಡ್ ಮಾಡಿಸಬೇಡಿ, ಹೊಸ ರಂಧ್ರವನ್ನೂ ಕೊರೆಸಬೇಡಿ. ಇರುವ ರಂಧ್ರಕ್ಕೇ ದಪ್ಪ ಬ್ರಾಕೆಟ್ ಹಾಕಿ ಬಿಗಿಯಿರಿ. ಹೋಸಿನ ಒಳ ಅಳತೆ ಕಂಪನಿಯ ಪೈಪಿಗಿಂತ ಕಡಿಮೆಯಾಗದಿರಲಿ, ಡೀಸೆಲ್ಲಿಗೆಂದೇ ಮಾಡಿದ ರಬ್ಬರಿನದಾಗಿರಲಿ, ಎಲ್ಲೂ ಮಡಿಕೆ ಬೀಳದಿರಲಿ. ಫಿಲ್ಟರ್ ತಲೆಯ ಮೇಲಿನ ಬಾಣದ ಗುರುತು ಇಂಜಿನ್ ಕಡೆಗೆ ಇದೆಯೇ ಎಂದು ನೋಡಿಕೊಂಡು, ಬ್ಯಾಂಜೋ ಬೋಲ್ಟಿಗೆ (ಪೈಪನ್ನು ಫಿಲ್ಟರಿಗೆ ಜೋಡಿಸುವ, ಒಳಗೆ ಡೀಸೆಲ್ ಹರಿಯಲು ತೂತಿರುವ ಬೋಲ್ಟ್) ಹೊಸ ತಾಮ್ರದ ವಾಷರ್‌ಗಳನ್ನೇ ಬಳಸಿ. ಮುಖ್ಯ ಫಿಲ್ಟರ್ ಬದಲಿಸುವಾಗ ಅದರೊಳಗೆ ಕ್ಯಾನಿನಿಂದ ಡೀಸೆಲ್ ಸುರಿದು ಕೂರಿಸುವ ಅಭ್ಯಾಸ ಕಾಮನ್ ರೈಲಿಗೆ ಸಲ್ಲದು. ನಡುವಿನ ತೂತಿಗೆ ಸುರಿದ ಡೀಸೆಲ್ ಸೋಸದೆಯೇ ಇಂಜೆಕ್ಟರಿಗೆ ಹೋಗುತ್ತದೆ. ಖಾಲಿಯಾಗಿಯೇ ಕೂರಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬುವ ಪುಟ್ಟ ಪಂಪ್) ಒತ್ತುತ್ತಾ, ಬ್ಲೀಡ್ ತಿರುಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ಹೈ ಪ್ರೆಶರ್ ಪೈಪಿನ ನಟ್ಟನ್ನು ಸಡಿಲಿಸಿ ಏರ್ ತೆಗೆಯುವ ಹಳೆಯ ಪದ್ಧತಿಯನ್ನು ಇಲ್ಲಿ ಯಾವ ಕಾರಣಕ್ಕೂ ಅನುಸರಿಸಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಇಷ್ಟಾದರೂ ನಿಮ್ಮ ತೊಂದರೆಯ ಮೂಲ ಬ್ಯಾರೆಲಿನಲ್ಲಿದೆ ಎಂದೇ ನನ್ನ ಅಭಿಪ್ರಾಯ. ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ರಾತ್ರಿ ತಂಪಾಗಿ ಒಳಗಿನ ಗಾಳಿ ಕುಗ್ಗಿದಾಗ, ಸಡಿಲ ಬಿರಡೆಯ ಸಂದಿನಿಂದ ಆ ನೀರು ಒಳಗೆ ಎಳೆಯಲ್ಪಡುತ್ತದೆ. ಬ್ಯಾರೆಲನ್ನು ನೆರಳಿನಲ್ಲಿ ತುಸು ಓರೆಯಾಗಿ ನಿಲ್ಲಿಸಿ, ತಂದ ಕೂಡಲೇ ತುಂಬದೆ ಒಂದು ರಾತ್ರಿ ತಿಳಿಯಾಗಲು ಬಿಟ್ಟು, ಪಂಪಿನ ಕೊಳವೆಯನ್ನು ತಳದಿಂದ ನಾಲ್ಕು ಬೆರಳು ಮೇಲಿರಿಸಿ ಎಳೆಯಲು ಹೇಳಿ. ಗಾಡಿಯ ಟ್ಯಾಂಕನ್ನು ಒಮ್ಮೆ ಇಳಿಸಿ ತೊಳೆಸುವುದೂ ಅಗತ್ಯ; ನೀರು ನಿಂತ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ, ಅದು ಎಷ್ಟು ಫಿಲ್ಟರ್ ಹಾಕಿದರೂ ಕಟ್ಟಿಸುತ್ತದೆ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದ್ದರೆ ಯಾವ ಫಿಲ್ಟರೂ ಅದನ್ನು ಬೇರ್ಪಡಿಸಲಾರದು ಎಂಬುದೂ ನೆನಪಿರಲಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರಿನವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ಪೈಪಿಗೆ ಕೈ ಹಾಕಿಸಿ.

ಪ್ರಶ್ನೆ: ಲಾರಿಗೆ ವಾಟರ್ ಸೆಪರೇಟರ್ ಹಾಕಿಸಿದ ಮೇಲೆ ಬೆಳಿಗ್ಗೆ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎಲ್ಲೂ ಡೀಸೆಲ್ ಸೋರುತ್ತಿಲ್ಲ. ಕಾರಣವೇನು?
– ಒಬ್ಬ ಓದುಗರು, ರಾಣೆಬೆನ್ನೂರು

ಉತ್ತರ: ಎಳೆತದ ಪೈಪಿನಲ್ಲಿ ಸಂದು ಬಿಟ್ಟಿದ್ದರೆ ಡೀಸೆಲ್ ಹೊರಗೆ ಸೋರಲೇಬೇಕೆಂದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿಯಿಡೀ ನಿಂತಾಗ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಇಳಿದು, ಬೆಳಿಗ್ಗೆ ಪಂಪಿಗೆ ಗಾಳಿ ಸಿಗುತ್ತದೆ. ಹೋಸಿನ ಕ್ಲಿಪ್‌ಗಳು, ಬಟ್ಟಲಿನ ರಬ್ಬರ್ ರಿಂಗ್, ನೀರು ಬಿಡುವ ತಿರುಪು, ಪ್ರೈಮರಿನ ವಾಲ್ವ್ ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ. ತಿಳಿಯದಿದ್ದರೆ ಸೆಪರೇಟರಿಗೂ ಪಂಪಿಗೂ ನಡುವೆ ಒಂದು ತುಂಡು ಪಾರದರ್ಶಕ ಹೋಸ್ ಜೋಡಿಸಿ ಇಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದರೆ ಸಂದು ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆಗಿದೆ. ಪರೀಕ್ಷೆ ಮುಗಿದ ಕೂಡಲೇ ಆ ಹೋಸನ್ನು ತೆಗೆಸಿಬಿಡಿ, ಡೀಸೆಲ್ ತಾಗಿ ಅದು ಬೇಗ ಗಡುಸಾಗಿ ಬಿರಿಯುತ್ತದೆ.