ಬಂಗಿಗೆ ಐಪಿಎಲ್: ಈ ಬಿಸಿಲಲ್ಲಿ ಬ್ಯಾಡ್ರಿ

ಕೆನ್ನೆಯ ಬಂಗು, ಮೂಗಿನ ಪಕ್ಕದ ಕೆಂಪು ಎರಡಕ್ಕೂ ಮೇ ತಿಂಗಳಲ್ಲೇ ಕಲಬುರಗಿಯಲ್ಲಿ ಐಪಿಎಲ್ (ತೀವ್ರ ಬೆಳಕಿನ ಮಿಂಚು ಬಿಟ್ಟು ಮಾಡುವ ಚರ್ಮದ ಚಿಕಿತ್ಸೆ) ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗ ಬ್ಯಾಡ್ರಿ.

ಐಪಿಎಲ್ ಲೇಸರ್ ಅಲ್ಲ. ಲೇಸರ್‌ನಂತೆ ಒಂದೇ ತರಂಗಾಂತರವಲ್ಲ, ಸುಮಾರು 500ರಿಂದ 1200 ನ್ಯಾನೊಮೀಟರ್‌ವರೆಗಿನ ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಬಿಡುತ್ತದೆ. ಕೆಂಪು ಹೋಗಬೇಕಾದರೆ ಆ ಬೆಳಕನ್ನು ರಕ್ತನಾಳದ ಹಿಮೋಗ್ಲೋಬಿನ್ ಹೀರಬೇಕು. ನಮ್ಮಂಥ ಕಂದು ಚರ್ಮದಲ್ಲಿ, ಅದೂ ಬಿಸಿಲಿಗೆ ಕಂದಿದಾಗ, ಚರ್ಮಕ್ಕೆ ಬಣ್ಣ ಕೊಡುವ ಮೇಲ್ಪದರದ ಮೆಲನಿನ್ನೇ ಹೆಚ್ಚು ಹೀರಿ ಬಿಸಿಯಾಗುತ್ತದೆ. ಆಗ ಗುಳ್ಳೆ, ಸುಟ್ಟ ಗುರುತು, ಆಮೇಲೆ ಮೊದಲಿಗಿಂತ ಗಾಢವಾದ ಕಲೆ ಬರಬಹುದು. ಬಂಗಂತೂ ಶಾಖಕ್ಕೇ ಕೆರಳುತ್ತದೆ. ಸ್ವಲ್ಪ ದಿನ ತಿಳಿಯಾದಂತೆ ಕಂಡು ಮತ್ತೆ ಮರಳುವುದು ಸಾಮಾನ್ಯ.

ಮೊದಲು ನೀವು ಹಚ್ಚುವ ಟ್ಯೂಬ್ ಓದ್ರಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್ ಇದ್ದು ತಿಂಗಳುಗಟ್ಟಲೆ ಹಚ್ಚಿದ್ದರೆ ಕೆಂಪಿಗೆ ಅದೇ ಕಾರಣವಿರಬಹುದು. ಅದನ್ನು ಚರ್ಮವೈದ್ಯರಿಗೆ ತೋರಿಸಿಯೇ ಬಿಡಿಸಿಕೊಳ್ಳಬೇಕು, ಒಮ್ಮೆಲೇ ನಿಲ್ಲಿಸಿದರೆ ಉರಿ ಹೆಚ್ಚಾಗಬಹುದು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಮೇಲಿನದು, ಐರನ್ ಆಕ್ಸೈಡ್ ಇರುವ ಬಣ್ಣದ್ದೇ ಇರಲಿ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ತಾಸಿಗೊಮ್ಮೆ.

ಕೆಂಪು ಉಳಿದರೆ ಐಪಿಎಲ್ ಚಿಕಿತ್ಸೆಯ ಮಾತು ಚಳಿಗಾಲದಲ್ಲಿ ನೋಡೋಣ. ಆಗಲೂ ಕಿವಿಯ ಮುಂದೆ ಒಂದೇ ಚುಕ್ಕೆ ಪರೀಕ್ಷೆ ಮಾಡಿಸಿ, ಕೆಲವು ವಾರ ಕಾಯದೆ ಇಡೀ ಮುಖಕ್ಕೆ ಒಪ್ಪಬ್ಯಾಡ್ರಿ.