ಆಪ್ತಸಲಹೆ ಪ್ರಕರಣ: ಮದುವೆ ಸೀಜನ್ನಿನೊಳಗೆ ಮೂಗು ನೆಟ್ಟಗಾಗಬೇಕು

ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ.

ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಯುವಕ, 31 ವರ್ಷ. ಕೊಯ್ಲು ಮುಗಿಯುತ್ತ ಬಂದಿದ್ದ ಫೆಬ್ರುವರಿಯಲ್ಲಿ ಆಯಿಯ (ತಾಯಿಯ) ಜೊತೆ ಬಂದರು. ಕಾಲೇಜಿನಲ್ಲಿದ್ದಾಗ ಕ್ರಿಕೆಟ್ ಚೆಂಡು ಬಡಿದು ಮೂಗು ಬಲಕ್ಕೆ ವಾಲಿದೆ. ಬೆಂಗಳೂರಿನ ಒಂದು ಕ್ಲಿನಿಕ್ ವಾಟ್ಸ್‌ಆ್ಯಪ್‌ನಲ್ಲಿ ಪ್ಯಾಕೇಜ್ ದರ ಕಳಿಸಿದೆ. ತಿಂಗಳ ಕೊನೆಯೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿಯಂತೆ. "ಏಪ್ರಿಲ್‌ನಲ್ಲಿ ಹುಡುಗಿ ನೋಡೋಕೆ ಹೋಗೋದಿದೆ ಸರ್. ಅಷ್ಟರೊಳಗೆ ಮೂಗೊಂದು ನೆಟ್ಟಗಾದ್ರೆ ಸಾಕು." ಆಯಿಯದು ಒಂದೇ ಪ್ರಶ್ನೆ: "ಇಪ್ಪ ಮೂಗಿಗೆ ಎಂತ ಆಜು ತಮಾ?" (ಇರುವ ಮೂಗಿಗೆ ಏನಾಗಿದೆ ತಮ್ಮಾ?)

ಮೊದಲು ಕೇಳಿದ್ದು ಕನ್ನಡಿಯ ಬಗ್ಗೆ. ದಿನಕ್ಕೆ ಎಷ್ಟು ಹೊತ್ತು ಮೂಗಿನದೇ ಯೋಚನೆ? ಅದರಿಂದಾಗಿ ಮದುವೆಮನೆ, ಪೇಟೆ ತಪ್ಪಿಸುತ್ತೀರಾ? ಯಾರು ಎಷ್ಟು ಸಮಾಧಾನ ಹೇಳಿದರೂ ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತದೆಯಾ? ಬೇರೆಯವರ ಕಣ್ಣಿಗೆ ಕಾಣದ ಅಥವಾ ತೀರಾ ಸಣ್ಣ ಕೊರತೆಯನ್ನು ದಿನಕ್ಕೆ ಗಂಟೆಗಟ್ಟಲೆ ಚಿಂತಿಸುವವರಿಗೆ ಆಪರೇಶನ್ ಸಾಮಾನ್ಯವಾಗಿ ನೆಮ್ಮದಿ ಕೊಡುವುದಿಲ್ಲ. ಅವರು ಮೊದಲು ಕಾಣಬೇಕಾದ್ದು ಮನೋವೈದ್ಯರನ್ನು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಮಾತು ಶುರುಮಾಡಬಹುದು. ಈ ಯುವಕನಿಗೆ ಅಂಥ ಲಕ್ಷಣಗಳಿರಲಿಲ್ಲ. ಮೂಗು ವಾಲಿದ್ದು ನಿಜವಾಗಿ ಕಾಣುತ್ತದೆ, ಆದರೆ ಅವರು ತೋರಿಸಿದ ಸೆಲ್ಫಿಗಳಲ್ಲಿ ಇನ್ನೂ ದಪ್ಪಗೆ ಕಾಣುತ್ತಿತ್ತು. 12 ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೊಕ್ಕಿಂತ ಸುಮಾರು ಶೇ 30 ಅಗಲ ಕಾಣುತ್ತದೆಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕಹಾಕಿ ತೋರಿಸಿದ್ದಾರೆ. ಬೇರೆಯವರ ಕೈಗೆ ಮೊಬೈಲ್ ಕೊಟ್ಟು ಐದಾರು ಅಡಿ ದೂರದಿಂದ, ಕಿಟಕಿಯ ಬೆಳಕಿನಲ್ಲಿ, ಮುಂದಿನಿಂದಲೂ ಎರಡೂ ಬದಿಯಿಂದಲೂ ಫೋಟೊ ತೆಗೆಸಿಕೊಳ್ಳಲು ಹೇಳಿದೆ. ಸರ್ಜನ್ ಮುಂದೆ ಇಡಬೇಕಾದ್ದು ಆ ಫೋಟೊ.

ಆಮೇಲೆ ತಪ್ಪಿಹೋದ ಸಂಬಂಧಗಳ ಮಾತು. ಒಂದೊಂದನ್ನೂ ಕಾಗದದ ಮೇಲೆ ಬರೆಸಿದಾಗ ಕಂಡದ್ದು: ಹುಡುಗನಿಗೆ ಪಟ್ಟಣದ ನೌಕರಿಯಿಲ್ಲ, ತೋಟದ ಮನೆ ದೂರ, ಜಾತಕ ಕೂಡಲಿಲ್ಲ. ಮೂಗಿನ ಮಾತು ಯಾರೂ ಎತ್ತಿರಲಿಲ್ಲ. ನಮ್ಮ ಜಿಲ್ಲೆಯ ಕೃಷಿ ಮನೆಗಳ ಎಷ್ಟೋ ಹುಡುಗರು ಈ ನೋವು ತಿನ್ನುತ್ತಿದ್ದಾರೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆ ನೋವಿನ ಭಾರವನ್ನೆಲ್ಲ ಮೂಗಿನ ಮೇಲೆ ಹೊರಿಸಿ ಆಪರೇಶನ್ ಟೇಬಲ್ ಹತ್ತಿದರೆ, ಆಪರೇಶನ್ ಚೆನ್ನಾಗಿಯೇ ಆದರೂ ನಿರಾಶೆ ಕಾದಿರುತ್ತದೆ. "ಮದುವೆ ಪ್ರಶ್ನೆ ಪಕ್ಕಕ್ಕಿಟ್ಟರೂ ಮೂಗು ಸರಿಮಾಡಿಸಬೇಕಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಹೌದು, ರಾತ್ರಿ ಉಸಿರೂ ಕಟ್ಟುತ್ತದೆ" ಅಂದರು.

ಅಲ್ಲಿಂದ ಪ್ರಕರಣದ ದಾರಿಯೇ ಬದಲಾಯಿತು. ಎಡ ಹೊಳ್ಳೆ ವರ್ಷಗಳಿಂದ ಕಟ್ಟಿದೆ. ತಿಂಗಳುಗಟ್ಟಲೆಯಿಂದ ಔಷಧಿ ಅಂಗಡಿಯ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದಾರೆ. ಮೂಗು ತೆರೆಯುವ ಇಂಥ ಡ್ರಾಪ್ಸನ್ನು ಐದಾರು ದಿನಕ್ಕಿಂತ ಹೆಚ್ಚು ಬಳಸಿದರೆ, ಅದರ ಪರಿಣಾಮ ಇಳಿದಾಗ ಒಳಪೊರೆ ಮತ್ತಷ್ಟು ಊದಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೊದಲ ಭೇಟಿ ಇಎನ್‌ಟಿ ತಜ್ಞರದು: ದುರ್ಬೀನು ಹಾಕಿ ಎರಡು ಹೊಳ್ಳೆಗಳ ನಡುವಿನ ಗೋಡೆ (ನಡುಗೋಡೆ) ಎಷ್ಟು ವಾಲಿದೆ, ಅಲರ್ಜಿ ಎಷ್ಟು, ಡ್ರಾಪ್ಸಿನ ಪಾಲೆಷ್ಟು ಎಂದು ನೋಡಲಿ. ಏಟು ಬಿದ್ದ ಒಂದೆರಡು ವಾರದೊಳಗಾಗಿದ್ದರೆ ಎಲುಬನ್ನು ಹೊರಗಿನಿಂದಲೇ ಕೂರಿಸಬಹುದಿತ್ತು. ಈಗ ಎಲುಬನ್ನು ಮತ್ತೆ ಕತ್ತರಿಸಿ, ನಡುಗೋಡೆಯನ್ನೂ ಸೇರಿಸಿ ಸರಿಪಡಿಸುವ ಸೆಪ್ಟೊರೈನೊಪ್ಲಾಸ್ಟಿ ಬೇಕಾದೀತು. ಹೊರಗಿನ ಅಂದವೊಂದನ್ನೇ ನೋಡಿ ಮೂಗು ಸಣ್ಣ ಮಾಡಿದರೆ ಇದ್ದ ಉಸಿರಾಟವೂ ಕೆಡುವುದುಂಟು.

ವಿಮೆಯ ಲೆಕ್ಕವೂ ಇಲ್ಲಿಂದಲೇ. ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡುವುದಿಲ್ಲ. ಉಸಿರಾಟಕ್ಕಾಗಿ ನಡುಗೋಡೆ ಸರಿಪಡಿಸುವ ಭಾಗಕ್ಕೆ ಸಿಗಬಹುದು, ಆದರೆ ಹಲವು ಪಾಲಿಸಿಗಳಲ್ಲಿ 24 ತಿಂಗಳು ಕಾಯಬೇಕು. ಎರಡೂ ಭಾಗಗಳ ಅಂದಾಜು ಖರ್ಚನ್ನು ಬೇರೆ ಬೇರೆಯಾಗಿ ಬರೆಸಿಕೊಂಡು, ಮೊದಲೇ ವಿಮಾ ಕಂಪನಿಯನ್ನು ಕೇಳಬೇಕು.

ಸರ್ಜನ್ ಹತ್ತಿರ ಕೇಳುವ ಪ್ರಶ್ನೆಗಳನ್ನು ಕೂತು ಬರೆಸಿದೆ. ಎಂಬಿಬಿಎಸ್ ನಂತರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಆಗಿದೆಯೇ, ಇಲ್ಲವೇ ಮೂಗಿನ ಕೆಲಸದಲ್ಲಿ ಪಳಗಿದ ಇಎನ್‌ಟಿ ಎಂಎಸ್ಸೇ? ವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಕಾಸ್ಮೆಟಾಲಜಿ ಸರ್ಟಿಫಿಕೇಟ್ ಕತ್ತಿ ಹಿಡಿಯುವ ಅರ್ಹತೆಯಲ್ಲ. ಆಸ್ಪತ್ರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿಯಾಗಿದೆಯೇ? ಪೂರ್ತಿ ಅರಿವಳಿಕೆ ಕೊಟ್ಟರೆ ಅರಿವಳಿಕೆ ತಜ್ಞರು ಕೊನೆಯವರೆಗೆ ಅಲ್ಲೇ ಇರುತ್ತಾರೆಯೇ? ಏಟಿನಿಂದ ವಾಲಿದ ಗಂಡಸರ ಮೂಗು ಎಷ್ಟು ಸರಿಪಡಿಸಿದ್ದಾರೆ, ವರ್ಷ ಕಳೆದ ಮೇಲಿನ ಫೋಟೊ ತೋರಿಸುತ್ತಾರೆಯೇ? ಕಂಪ್ಯೂಟರಿನಲ್ಲಿ ತೋರಿಸುವ ಹೊಸ ಮುಖ ಒಂದು ಅಂದಾಜು, ಭರವಸೆಯಲ್ಲ. ಮತ್ತೆ ಆಪರೇಶನ್ ಬೇಕಾದರೆ ಖರ್ಚು ಯಾರದು? ಇದನ್ನು ಕೇಳಲು ಸಂಕೋಚಪಡಬಾರದು. ಮರು ಆಪರೇಶನ್ ನುರಿತ ಕೈಗಳಲ್ಲೂ ಬೇಕಾಗುತ್ತದೆ, ಅದಕ್ಕೂ ಸಾಮಾನ್ಯವಾಗಿ ಒಂದು ವರ್ಷ ಕಾಯಬೇಕು.

ಏಪ್ರಿಲ್ ಗಡುವು ಇಲ್ಲೇ ಬಿದ್ದುಹೋಯಿತು. ಆಪರೇಶನ್ ಆದ ಮೇಲೆ ಮೂಗು ಅಲುಗದಂತೆ ಕಟ್ಟುವ ಸ್ಪ್ಲಿಂಟ್ ತೆಗೆಯುವುದು ಸುಮಾರು ಏಳನೇ ದಿನ. ಕಣ್ಣಿನ ಸುತ್ತಲಿನ ಕಪ್ಪು ಹೋಗಲು ಎರಡು ವಾರ. ಮೂಗಿನ ತುದಿಯ ಊತ ಪೂರ್ತಿ ಇಳಿಯಲು ವರ್ಷವೇ ಬೇಕು.

ಮನೆಯ ಕೆಲಸವನ್ನೂ ಲೆಕ್ಕಕ್ಕೆ ತಂದೆವು. ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ಅಡಿಕೆ ಸುಲಿಯುವುದು, ಅಡಿಕೆಗೊನೆ ಹೊರುವುದು, ಅಡಿಕೆ ಬೇಯಿಸುವ ಒಲೆಯ ಹೊಗೆ ಕುಡಿಯುವುದು ಆಪರೇಶನ್ ಆದ ಮೇಲೆ ಮೂರ್ನಾಲ್ಕು ವಾರ ಬೇಡ. ಬಗ್ಗಿದರೆ, ಭಾರ ಎತ್ತಿದರೆ ಮೂಗಿಗೆ ರಕ್ತ ನುಗ್ಗುತ್ತದೆ. "ಬೀಡಿ ಸೇದುವುದಿಲ್ಲ" ಅಂದರು, ಆದರೆ ಕವಳಕ್ಕೆ (ಎಲೆಅಡಿಕೆಗೆ) ತಂಬಾಕು ಇತ್ತು. ನಿಕೋಟಿನ್ ಯಾವ ದಾರಿಯಿಂದ ಬಂದರೂ ರಕ್ತನಾಳ ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಆಪರೇಶನ್ನಿನ ಹಿಂದೆ ಮುಂದೆ ನಾಲ್ಕು ವಾರವಾದರೂ ತಂಬಾಕು ಬಿಡಬೇಕು, ಸರ್ಜನ್‌ರಿಂದ ಮುಚ್ಚಿಡಬಾರದು. ನೋವಿನ ಮಾತ್ರೆ, ಆಸ್ಪಿರಿನ್, ನಾಟಿ ಔಷಧಿ ಏನೇನು ತೆಗೆದುಕೊಳ್ಳುತ್ತಾರೋ ಅಷ್ಟನ್ನೂ ಹೇಳಬೇಕು.

ಕ್ಲಿನಿಕ್‌ನವರು ಮರುದಿನವೇ ರಾತ್ರಿ ಬಸ್ಸಿಗೆ ಊರಿಗೆ ಕಳಿಸುವ ಮಾತಾಡಿದ್ದರು. ಇದಕ್ಕೆ ಒಪ್ಪಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ಮೊದಲ ಎರಡು ವಾರ ರಕ್ತಸ್ರಾವ ಮರುಕಳಿಸಬಹುದು. ಎರಡೂ ಹೊಳ್ಳೆ ಕಟ್ಟಿ ನೋವು ಏರುತ್ತ ಹೋದರೆ ನಡುಗೋಡೆಯಲ್ಲಿ ರಕ್ತ ಕಟ್ಟಿರಬಹುದು. ತಡಮಾಡಿದರೆ ಮೃದ್ವಸ್ಥಿ ಕೊಳೆತು ಮೂಗಿನ ಬೆನ್ನು ಕುಸಿಯುತ್ತದೆ. ಜ್ವರ, ದೃಷ್ಟಿ ಮಂಜು, ನಿಲ್ಲದ ರಕ್ತ ಕಂಡರೂ ಕೂಡಲೇ ಆಸ್ಪತ್ರೆ. ಸ್ಪ್ಲಿಂಟ್ ತೆಗೆಯುವವರೆಗೆ ಆಸ್ಪತ್ರೆಯ ಊರಿನಲ್ಲೇ ನೆಂಟರ ಮನೆ ನೋಡಿಕೊಳ್ಳಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಬರೆಸಿಕೊಳ್ಳಬೇಕು. ವರ್ಷವಿಡೀ ತಪಾಸಣೆಗೆ ಓಡಾಡಬೇಕಾದ್ದರಿಂದ ಬೆಂಗಳೂರಿಗಿಂತ ಹುಬ್ಬಳ್ಳಿ ಅಥವಾ ಮಣಿಪಾಲ ಮೇಲು. ಮಣಿಪಾಲವಾದರೆ ಘಟ್ಟ ಇಳಿಯಬೇಕು, ಜೋರು ಮಳೆಗಾಲ ತಪ್ಪಿಸಬೇಕು.

ಮುಂಗಡ ಕಟ್ಟಲಿಲ್ಲ. ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಇಎನ್‌ಟಿ ತಜ್ಞರು ನಡುಗೋಡೆ ವಾಲಿದ್ದನ್ನು ಖಚಿತಪಡಿಸಿ, ಮೊದಲು ಡ್ರಾಪ್ಸ್ ನಿಲ್ಲಿಸಿ ಅಲರ್ಜಿಯ ಸ್ಪ್ರೇ ಶುರುಮಾಡಿದ್ದಾರೆ. ಉಸಿರಾಟ ಎಷ್ಟು ಸುಧಾರಿಸುತ್ತದೆಂದು ನೋಡಿ ಮುಂದಿನ ಮಾತು. ಆಯಿ ಎರಡನೇ ಭೇಟಿಗೆ ಪ್ರಶ್ನೆಗಳ ಚೀಟಿಯನ್ನು ತಾವೇ ಹಿಡಿದುಕೊಂಡು ಹೋಗಿದ್ದರು. ಏಪ್ರಿಲ್‌ನಲ್ಲಿ ಹುಡುಗಿ ನೋಡಲು ಇದ್ದ ಮೂಗಿನಲ್ಲೇ ಹೋಗಿ ಬಂದಿದ್ದಾರೆ. ಆ ಮಾತುಕತೆ ಇನ್ನೂ ನಡೆದಿದೆ. ತಂಬಾಕು ಬಿಡುವುದು ಮಾತ್ರ ಕಷ್ಟವಾಗುತ್ತಿದೆ, ಮುಂದಿನ ಭೇಟಿ ಅದಕ್ಕಾಗಿಯೇ.