ಓದುಗರ ಪ್ರಶ್ನೆ: ತಪಾಸಣೆಯ ವರದಿಯಲ್ಲಿ ಕಾಣದ ಓಟಿ ಹಣ

ಪ್ರಶ್ನೆ: ನನ್ನ ತಂಗಿ ಹೊಲಿಗೆ ಕೆಲಸಕ್ಕೆ ಹೋಗುವ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಓಟಿ (ಹೆಚ್ಚುವರಿ ಅವಧಿಯ ಕೆಲಸದ) ಹಣ ಸರಿಯಾಗಿ ಸಿಗುತ್ತಿಲ್ಲ. ಆದರೂ ವಿದೇಶಿ ಬ್ರ್ಯಾಂಡ್‌ನ ತಪಾಸಣೆಯವರು ಎಲ್ಲವೂ ಸರಿಯಿದೆ ಎಂದು ಬರೆದಿದ್ದಾರಂತೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಉಡುಪಿ

ಉತ್ತರ: ಮುಂಚಿತವಾಗಿ ತಿಳಿಸಿ ಬರುವ ತಪಾಸಕರು ಆಡಳಿತ ಮಂಡಳಿ ತೋರಿಸಿದ ಹಾಜರಿ ಪುಸ್ತಕವನ್ನೇ ನೋಡಿ, ಮೇಲ್ವಿಚಾರಕರ ಕಣ್ಣೆದುರಿನಲ್ಲೇ ಕಾರ್ಮಿಕರನ್ನು ಮಾತನಾಡಿಸಿದರೆ ಸತ್ಯ ಹೊರಬರುವುದಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಬೆಂಕಿಗೆ ಆಹುತಿಯಾಗಿ 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ, ಅದಕ್ಕೆ ಕೆಲವೇ ವಾರಗಳ ಹಿಂದೆ ಕಾರ್ಮಿಕರ ಸುರಕ್ಷತೆ, ಹಕ್ಕುಗಳನ್ನು ಪಾಲಿಸುವ ಕಾರ್ಖಾನೆಗಳಿಗೆ ಕೊಡುವ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆತಿತ್ತು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನಿಜವಾದ ವಿಚಾರಣೆ ಕಾರ್ಖಾನೆಯ ಗೇಟಿನ ಹೊರಗೆ, ಕಾರ್ಮಿಕರ ಮನೆಯಲ್ಲಿ ಅಥವಾ ಅವರು ನಂಬುವ ಸಂಘದ ಕಚೇರಿಯಲ್ಲಿ, ಹೆಸರು ಗುಟ್ಟಾಗಿಟ್ಟು ನಡೆಯಬೇಕು. ಅವರು ಹೇಳಿದ ಕೆಲಸದ ಗಂಟೆಗಳನ್ನು ಪಂಚಿಂಗ್ ದಾಖಲೆ, ಸಂಬಳದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್‌ಗಳೊಂದಿಗೆ ತಾಳೆ ನೋಡಬೇಕು. ಓಟಿಗೆ ಸಾಮಾನ್ಯ ದರದ ಎರಡರಷ್ಟು ಕೂಲಿ ಕಾನೂನಿನ ಹಕ್ಕು. ಆದ್ದರಿಂದ ನಿಮ್ಮ ತಂಗಿ ದಿನವೂ ಒಳಹೋದ, ಹೊರಬಂದ ಸಮಯವನ್ನು ಬರೆದಿಡಲಿ. ಒಬ್ಬರೇ ಹೋಗದೆ, ಸಹೋದ್ಯೋಗಿಗಳ ಜೊತೆಗೂಡಿ ಉಡುಪಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಲಿ. ಬಟ್ಟೆಯ ಲೇಬಲ್‌ನಲ್ಲಿರುವ ಬ್ರ್ಯಾಂಡ್‌ಗೂ ಅದರ ಪ್ರತಿಯನ್ನು ಕಳುಹಿಸಬಹುದು.